ದುರ್ಬಲ ಬೆಕ್ಕಿಗೆ ಲಸಿಕೆ: ಜೊತೆಗಿರುವ ಬೆಕ್ಕುಗಳನ್ನೂ ಮರೆಯಬೇಡಿ

ನಮ್ಮ ಮನೆಗಳಲ್ಲಿ ಬೆಕ್ಕಿಗೆ ಮೊದಲಿನಿಂದಲೂ ಜಾಗವಿದೆ. ಮೀನು ಸ್ವಚ್ಛ ಮಾಡುವ ಹೊತ್ತಿಗೆ ಅದು ಅಡುಗೆಮನೆಯ ಬಾಗಿಲಲ್ಲಿ ಕಾದು ಕೂರುವುದು, ರಾತ್ರಿ ಮಕ್ಕಳ ಕಾಲ ಬಳಿ ಸುರುಳಿ ಸುತ್ತಿ ಮಲಗುವುದು ಹೊಸದೇನಲ್ಲ. ಆದರೆ ಈಗ ಬೆಕ್ಕನ್ನೂ ವೈದ್ಯರ ಬಳಿಗೆ ಕರೆದೊಯ್ಯುತ್ತೇವೆ, ಅದರ ರಕ್ತ ಪರೀಕ್ಷೆ ಮಾಡಿಸುತ್ತೇವೆ. ಹಾಗಾಗಿ ಹಿಂದೆ ಕೇಳಿರದ ಮಾತೊಂದು ಕೆಲವು ಕುಟುಂಬಗಳ ಕಿವಿಗೆ ಬೀಳುತ್ತಿದೆ: "ನಿಮ್ಮ ಬೆಕ್ಕಿಗೆ ರೋಗನಿರೋಧಕ ಶಕ್ತಿ ಕಡಿಮೆ ಇದೆ."

ಇದನ್ನು ಕೇಳಿದ ಮೇಲೆ ಮನೆಯವರು ಸಾಮಾನ್ಯವಾಗಿ ಎರಡು ರೀತಿಯಲ್ಲಿ ತಪ್ಪುತ್ತಾರೆ. ಮೊದಲೇ ಬಡವಾಗಿರುವ ಜೀವಕ್ಕೆ ಸೂಜಿ ಬೇಡ ಎಂದು ಕೆಲವರು ಲಸಿಕೆಯನ್ನೇ ನಿಲ್ಲಿಸುತ್ತಾರೆ. ಇನ್ನು ಕೆಲವರು ಆ ಬೆಕ್ಕಿಗೆ ಅವಸರದಲ್ಲಿ ಯಾವುದೋ ಲಸಿಕೆ ಹಾಕಿಸಿ, ಇನ್ನು ಭಯವಿಲ್ಲ ಎಂದು ಸುಮ್ಮನಾಗುತ್ತಾರೆ. ಅದೇ ಮನೆಯಲ್ಲಿರುವ ಉಳಿದ ಬೆಕ್ಕುಗಳ ನೆನಪು ಅವರಿಗಿರುವುದಿಲ್ಲ. ಎರಡರಿಂದಲೂ ಬೆಕ್ಕಿನ ಪ್ರಾಣಕ್ಕೆ ಅಪಾಯವಿದೆ. ದುರ್ಬಲ ಬೆಕ್ಕಿಗೂ ಲಸಿಕೆ ಬೇಕು, ಆದರೆ ಅದರ ಬಗೆ ಮತ್ತು ಸಮಯವನ್ನು ನೋಡಿ ಆರಿಸಬೇಕು. ಆ ಲಸಿಕೆ ಎಷ್ಟು ಫಲ ಕೊಡುತ್ತದೆಂದು ಮೊದಲೇ ಹೇಳಲಾಗದು. ಆದ್ದರಿಂದ ಜೊತೆಗಿರುವ ಆರೋಗ್ಯವಂತ ಬೆಕ್ಕುಗಳಿಗೆಲ್ಲ ಪೂರ್ತಿ ಲಸಿಕೆ ಆಗಿರಲೇಬೇಕು.

ಶಕ್ತಿ ಕುಂದುವುದು ಹೇಗೆ?

ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ಎಫ್‌ಐವಿ ಎಂಬ ವೈರಸ್. 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೀಲ್ಸ್ ಪೆಡರ್ಸನ್ ಮತ್ತು ಜಾನೆಟ್ ಯಮಾಮೊಟೊ ಎಂಬ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದರು. ಮನುಷ್ಯರಲ್ಲಿ ಏಡ್ಸ್ ತರುವ ಎಚ್‌ಐವಿಯ ದೂರದ ಸಂಬಂಧಿ ಇದು. ಹಾಗೆಂದು ಗಾಬರಿಯಾಗಬೇಕಿಲ್ಲ, ಎಫ್‌ಐವಿ ಮನುಷ್ಯರಿಗೆ ಅಂಟುವುದಿಲ್ಲ. ಬೆಕ್ಕುಗಳ ನಡುವೆ ಇದು ಹೆಚ್ಚಾಗಿ ಜಗಳದಲ್ಲಿ ಆಳವಾಗಿ ಕಚ್ಚಿದಾಗ ಹರಡುತ್ತದೆ. ಸೋಂಕಿರುವ ಎಷ್ಟೋ ಬೆಕ್ಕುಗಳು ವರ್ಷಗಟ್ಟಲೆ ಚೆನ್ನಾಗಿಯೇ ಬದುಕುತ್ತವೆ.

ಎರಡನೆಯದು ಬೆಕ್ಕಿನ ಲ್ಯುಕೇಮಿಯಾ ವೈರಸ್. 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಜ್ಯಾರೆಟ್ ಮತ್ತು ಸಂಗಡಿಗರು ಇದನ್ನು ಗುರುತಿಸಿದರು. ಇದು ಎಂಜಲಿನ ಮೂಲಕ ಹರಡುತ್ತದೆ. ಒಂದರ ಮೈಯನ್ನು ಇನ್ನೊಂದು ನೆಕ್ಕುವುದು, ಒಂದೇ ಬಟ್ಟಲಲ್ಲಿ ಬಹುಕಾಲ ತಿನ್ನುವುದು, ತಾಯಿಯಿಂದ ಮರಿಗೆ ದಾಟುವುದು ಇದರ ದಾರಿಗಳು. ಎಫ್‌ಐವಿಗಿಂತ ಇದು ಹೆಚ್ಚು ಕ್ರೂರ. ಆದರೆ ಇದೂ ಮನುಷ್ಯರಿಗೆ ಬರುವುದಿಲ್ಲ.

ಮೂರನೆಯದು ಔಷಧಿಗಳು. ಅಲರ್ಜಿ, ಬಾಯಿಯ ಹುಣ್ಣು, ಕರುಳಿನ ಉರಿಯೂತ ಮುಂತಾದವುಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಡುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್, ಸೈಕ್ಲೋಸ್ಪೊರಿನ್, ಕ್ಯಾನ್ಸರಿಗೆ ಕೊಡುವ ಕೀಮೋಥೆರಪಿ ದೇಹದ ಕಾವಲನ್ನು ತಗ್ಗಿಸುತ್ತವೆ. ಇವಲ್ಲದೆ ಮೂತ್ರಪಿಂಡದ ಹಳೆಯ ಕಾಯಿಲೆ, ಸಕ್ಕರೆ ಕಾಯಿಲೆ ಮತ್ತು ಮುಪ್ಪು ಕೂಡ ಶಕ್ತಿಯನ್ನು ಕುಗ್ಗಿಸಬಹುದು.

ಎಫ್‌ಐವಿ ಮತ್ತು ಲ್ಯುಕೇಮಿಯಾ ವೈರಸ್ ಎರಡನ್ನೂ ಕೆಲವು ಹನಿ ರಕ್ತದಿಂದ ಕ್ಲಿನಿಕ್ಕಿನಲ್ಲೇ ಪರೀಕ್ಷಿಸಬಹುದು. ಆರು ತಿಂಗಳೊಳಗಿನ ಮರಿಗೆ ಎಫ್‌ಐವಿ ಇದೆ ಎಂದು ಬಂದರೆ ತಕ್ಷಣ ನಂಬಬೇಡಿ. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳೂ ಪರೀಕ್ಷೆಯಲ್ಲಿ ಹಾಗೆಯೇ ಕಾಣುತ್ತವೆ. ಆರು ತಿಂಗಳು ತುಂಬಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು. ಒಂದೇ ವರದಿ ನೋಡಿ ಮರಿಯನ್ನು ಬೀದಿಗೆ ಬಿಡುವುದು ಅನ್ಯಾಯ.

ಯಾವ ಕಾಯಿಲೆಗಳಿಗೆ ಲಸಿಕೆ?

ಎಲ್ಲ ಬೆಕ್ಕುಗಳಿಗೂ ಬೇಕಾದ ಲಸಿಕೆಗಳು ನಾಲ್ಕು ಕಾಯಿಲೆಗಳ ವಿರುದ್ಧ.

ಅವುಗಳಲ್ಲಿ ಅತಿ ಭಯಂಕರವಾದುದು ಪ್ಯಾನ್‌ಲ್ಯುಕೋಪೇನಿಯಾ. ವಾಂತಿ, ಭೇದಿ, ಜ್ವರ ಬಂದು ರಕ್ತದ ಬಿಳಿ ಕಣಗಳು ಕುಸಿಯುತ್ತವೆ. ಲಸಿಕೆಯಾಗದ ಮರಿಗಳು ಒಂದೆರಡು ದಿನಗಳಲ್ಲೇ ಸಾಯಬಹುದು. ಇದರ ವೈರಸ್ ಬಹಳ ಗಟ್ಟಿ. ನೆಲದಲ್ಲಿ, ಬಟ್ಟೆಯಲ್ಲಿ, ಬುಟ್ಟಿಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದು ವರ್ಷದವರೆಗೂ ಉಳಿಯುತ್ತದೆ. ನಮ್ಮ ಚಪ್ಪಲಿಗೆ ಅಂಟಿಕೊಂಡೂ ಮನೆಯೊಳಗೆ ಬರಬಲ್ಲದು. "ನಮ್ಮ ಬೆಕ್ಕು ಹೊರಗೇ ಹೋಗುವುದಿಲ್ಲ" ಎಂಬ ಧೈರ್ಯ ಇಲ್ಲಿ ಸಾಲದು.

ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳು ಸೀನು, ಮೂಗು ಸೋರುವಿಕೆ, ಕಣ್ಣಿನ ಪಿಚ್ಚು, ನಾಲಿಗೆಯ ಹುಣ್ಣು ತರುತ್ತವೆ. ಆರೋಗ್ಯವಂತ ಬೆಕ್ಕಿಗೆ ಇದು ಹತ್ತು ದಿನಗಳ ನೆಗಡಿಯಾದರೆ, ದುರ್ಬಲ ಬೆಕ್ಕಿಗೆ ನ್ಯುಮೋನಿಯಾ ಆಗಬಹುದು. ಈ ಮೂರು ವೈರಸ್‌ಗಳಿಗೆ ಸೇರಿ ಒಂದೇ ಚುಚ್ಚುಮದ್ದು ಇದೆ. ನಾಲ್ಕನೆಯದು ರೇಬೀಸ್. ನಮ್ಮ ದೇಶದಲ್ಲಿ ಈ ಲಸಿಕೆಯನ್ನು ಯಾವ ಬೆಕ್ಕಿಗೂ ತಪ್ಪಿಸುವಂತಿಲ್ಲ.

ಸಜೀವ ಲಸಿಕೆ, ನಿಷ್ಕ್ರಿಯ ಲಸಿಕೆ

ಮನೆಯವರು ತಿಳಿದಿರಲೇಬೇಕಾದ ವಿಷಯ ಇದು. ಸಜೀವ ಲಸಿಕೆಯಲ್ಲಿ ವೈರಸ್ ಜೀವಂತವಾಗಿರುತ್ತದೆ, ಆದರೆ ಅದರ ಬಲ ಕುಗ್ಗಿಸಿರುತ್ತಾರೆ. ಅದು ದೇಹದೊಳಗೆ ಸ್ವಲ್ಪ ಬೆಳೆದು, ಕಾವಲು ಪಡೆಯನ್ನು ಎಚ್ಚರಿಸುತ್ತದೆ. ಆರೋಗ್ಯವಂತ ಬೆಕ್ಕಿನಲ್ಲಿ ರಕ್ಷಣೆ ಬೇಗ ಮತ್ತು ಬಲವಾಗಿ ಬರುತ್ತದೆ. ಆದರೆ ಕಾವಲೇ ಇಲ್ಲದ ದೇಹದಲ್ಲಿ ಆ ಬಲಹೀನ ವೈರಸ್ಸೂ ಮಿತಿ ಮೀರಿ ಬೆಳೆಯಬಹುದು. ಎಫ್‌ಐವಿ ಇರುವ ಬೆಕ್ಕುಗಳಲ್ಲಿ ಪ್ಯಾನ್‌ಲ್ಯುಕೋಪೇನಿಯಾದ ಸಜೀವ ಲಸಿಕೆಯಿಂದಲೇ ಆ ಕಾಯಿಲೆ ಬಂದದ್ದು ದಾಖಲಾಗಿದೆ. ಇದು ಅಪರೂಪ, ಆದರೆ ಕಡೆಗಣಿಸುವಂಥದ್ದಲ್ಲ.

ನಿಷ್ಕ್ರಿಯ ಲಸಿಕೆಯಲ್ಲಿ ವೈರಸ್ಸನ್ನು ಕೊಂದಿರುತ್ತಾರೆ. ಅದು ಬೆಳೆಯಲಾರದು, ಕಾಯಿಲೆ ತರಲಾರದು. ಅದಕ್ಕಾಗಿ ದುರ್ಬಲ ಬೆಕ್ಕುಗಳಿಗೆ ತಜ್ಞರು ಇದನ್ನೇ ಮೊದಲ ಆಯ್ಕೆಯಾಗಿ ಹೇಳುತ್ತಾರೆ. ರಕ್ಷಣೆ ತುಸು ನಿಧಾನವಾಗಿ ಬರುತ್ತದೆ. ಮೊದಲ ಸಲ ಹಾಕಿಸುವಾಗ ಎರಡು ಡೋಸ್ ಬೇಕಾಗುತ್ತದೆ.

ನಮ್ಮಲ್ಲಿ ಬಳಕೆಯಲ್ಲಿರುವ ಮೂರು ಕಾಯಿಲೆಗಳ ಲಸಿಕೆಗಳಲ್ಲಿ ಹಲವು ಸಜೀವ ಬಗೆಯವು. ಆದ್ದರಿಂದ ಸೂಜಿ ಹಾಕುವ ಮೊದಲು ಸೀಸೆಯ ಲೇಬಲ್ ತೋರಿಸಲು ಕೇಳಿ. "ಲೈವ್" ಅಥವಾ "ಅಟೆನ್ಯುಯೇಟೆಡ್" ಎಂದಿದ್ದರೆ ಸಜೀವ. "ಇನ್‌ಆಕ್ಟಿವೇಟೆಡ್" ಅಥವಾ "ಕಿಲ್ಡ್" ಎಂದಿದ್ದರೆ ನಿಷ್ಕ್ರಿಯ. ಹೀಗೆ ಕೇಳುವುದು ವೈದ್ಯರಿಗೆ ಅವಮಾನವಲ್ಲ. ನಿಷ್ಕ್ರಿಯ ಲಸಿಕೆ ಸಿಗದಿದ್ದರೆ, ಸಜೀವ ಲಸಿಕೆ ಹಾಕುವ ಅಪಾಯ ಹೆಚ್ಚೋ ಹಾಕದೆ ಬಿಡುವ ಅಪಾಯ ಹೆಚ್ಚೋ ಎಂಬುದನ್ನು ಬೆಕ್ಕಿನ ಸ್ಥಿತಿ ನೋಡಿ ವೈದ್ಯರೇ ತೀರ್ಮಾನಿಸಬೇಕು. ರೇಬೀಸ್ ಲಸಿಕೆಯ ವಿಷಯದಲ್ಲಿ ಈ ಗೊಂದಲವಿಲ್ಲ. ನಮ್ಮಲ್ಲಿ ಬೆಕ್ಕುಗಳಿಗೆ ಹಾಕುವುದು ನಿಷ್ಕ್ರಿಯ ಲಸಿಕೆ.

ಯಾವ ಬೆಕ್ಕಿಗೆ ಯಾವಾಗ?

ಎಫ್‌ಐವಿ ಇದ್ದು, ಬೆಕ್ಕು ಚೆನ್ನಾಗಿ ತಿಂದುಕೊಂಡು ಓಡಾಡಿಕೊಂಡಿದ್ದರೆ ಲಸಿಕೆ ಹಾಕಿಸಬಹುದು. ಈ ಹಂತದಲ್ಲಿ ಅದರ ದೇಹ ಸಾಮಾನ್ಯವಾಗಿ ಲಸಿಕೆಗೆ ಸ್ಪಂದಿಸುತ್ತದೆ. ಜ್ವರ, ತೂಕ ಇಳಿಕೆ, ಬಾಯಿ ತುಂಬ ಹುಣ್ಣು ಇರುವಾಗ ಹಾಕಿಸಬಾರದು, ಮೊದಲು ಚಿಕಿತ್ಸೆಯಾಗಲಿ.

ಲ್ಯುಕೇಮಿಯಾ ವೈರಸ್ ಇರುವ ಬೆಕ್ಕಿನಲ್ಲಿ ಲಸಿಕೆಯ ಫಲ ಕಡಿಮೆ, ಅದು ಉಳಿಯುವ ಕಾಲವೂ ಕಡಿಮೆ. ಆದ್ದರಿಂದ ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕವನ್ನು ನೆಚ್ಚದೆ, ವೈದ್ಯರು ಹೇಳಿದ ಹತ್ತಿರದ ಅಂತರದಲ್ಲಿ ಬೂಸ್ಟರ್ ಹಾಕಿಸಬೇಕು.

ಔಷಧಿಯಿಂದ ಶಕ್ತಿ ಕುಂದುವ ಸಂದರ್ಭದಲ್ಲಿ ನಮಗೊಂದು ಅನುಕೂಲವಿದೆ. ಯಾವಾಗ ಕುಂದುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ದೀರ್ಘಕಾಲದ ಚಿಕಿತ್ಸೆ ಶುರುಮಾಡುವ ಮುನ್ನ, ಸಾಧ್ಯವಾದರೆ ಎರಡು ವಾರವಾದರೂ ಮೊದಲು, ಬಾಕಿ ಇರುವ ಲಸಿಕೆ ಮುಗಿಸಿಕೊಳ್ಳಿ. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಅಥವಾ ಕೀಮೋಥೆರಪಿ ನಡೆಯುತ್ತಿರುವಾಗ ಸಜೀವ ಲಸಿಕೆ ಬೇಡ. ಆ ಅವಧಿಯಲ್ಲಿ ನಿಷ್ಕ್ರಿಯ ಲಸಿಕೆ ಹಾಕಿದ್ದರೂ, ಔಷಧಿ ನಿಂತ ಮೇಲೆ ಮತ್ತೆ ಹಾಕಿಸಬೇಕಾಗಬಹುದು. ಸ್ವಲ್ಪ ಪ್ರಮಾಣದಲ್ಲಿ ಕೆಲವೇ ದಿನ ಕೊಡುವ ಸ್ಟೀರಾಯ್ಡ್‌ನಿಂದ ಅಷ್ಟು ತೊಂದರೆಯಿಲ್ಲ. ಲಸಿಕೆಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬಹುದಿನ ಕೊಟ್ಟ ಸ್ಟೀರಾಯ್ಡನ್ನು ಒಮ್ಮೆಗೇ ಬಿಡಿಸುವುದು ಅಪಾಯಕಾರಿ.

ಜೊತೆಗಿರುವ ಬೆಕ್ಕುಗಳು

ಒಂದು ಮನೆಯಲ್ಲಿ ಮೂರು ಬೆಕ್ಕುಗಳಿವೆ ಎಂದುಕೊಳ್ಳಿ. ದೊಡ್ಡ ಗಂಡು ಬೆಕ್ಕಿಗೆ ಎಫ್‌ಐವಿ ಇದೆ. ಹೆಣ್ಣು ಬೆಕ್ಕು ಆರೋಗ್ಯವಾಗಿದೆ. ಮಕ್ಕಳು ಮೊನ್ನೆಯಷ್ಟೇ ದಾರಿಯಿಂದ ಒಂದು ಮರಿ ಎತ್ತಿಕೊಂಡು ಬಂದಿದ್ದಾರೆ. ಇಲ್ಲಿ ದೊಡ್ಡ ಬೆಕ್ಕಿಗೆ ಹೆಚ್ಚಿನ ಅಪಾಯ ಬರುವುದು ಯಾವ ಕಡೆಯಿಂದ? ಆ ಪುಟ್ಟ ಮರಿಯಿಂದ. ಅದಕ್ಕೆ ಲಸಿಕೆಯಾಗಿಲ್ಲ, ಮೈಯಲ್ಲಿ ಏನಿದೆಯೋ ಗೊತ್ತಿಲ್ಲ. ಹೆಣ್ಣು ಬೆಕ್ಕು ಎರಡರ ನಡುವೆಯೂ ಓಡಾಡುತ್ತದೆ.

ಇಂಥ ಮನೆಯಲ್ಲಿ ಮಾಡಬೇಕಾದ್ದು ಹೀಗೆ. ಮರಿಯನ್ನು ಎರಡು ಮೂರು ವಾರ ಬೇರೆ ಕೋಣೆಯಲ್ಲಿಡಿ. ಅದರ ಬಟ್ಟಲು, ಮಲದ ತಟ್ಟೆ ಬೇರೆಯಿರಲಿ. ದಿನವೂ ಮೊದಲು ದೊಡ್ಡ ಬೆಕ್ಕಿನ ಕೆಲಸ ಮುಗಿಸಿ, ಕೊನೆಗೆ ಮರಿಯ ಕೋಣೆಗೆ ಹೋಗಿ, ಕೈ ತೊಳೆದು ಬನ್ನಿ. ಮರಿಗೆ ಎರಡೂ ವೈರಸ್‌ಗಳ ಪರೀಕ್ಷೆ ಮಾಡಿಸಿ. ಲ್ಯುಕೇಮಿಯಾದ ಮೊದಲ ವರದಿ ಸರಿಯಿದ್ದರೂ ಒಂದು ತಿಂಗಳ ನಂತರ ಮತ್ತೊಮ್ಮೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಹೊಸ ಸೋಂಕು ಕೂಡಲೇ ತಿಳಿಯದು.

ಮರಿಗೆ ಆರರಿಂದ ಎಂಟು ವಾರವಾದಾಗ ಮೂರು ಕಾಯಿಲೆಗಳ ಲಸಿಕೆ ಆರಂಭಿಸಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆಯಂತೆ 16 ವಾರ ತುಂಬುವವರೆಗೆ ಕೊಡಿಸಬೇಕು. ಕೊನೆಯ ಡೋಸ್ 16 ವಾರಕ್ಕೆ ಮೊದಲೇ ನಿಂತರೆ, ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನು ವ್ಯರ್ಥ ಮಾಡಿರಬಹುದು. ಆರು ತಿಂಗಳಿಗೆ ಇನ್ನೊಂದು ಬೂಸ್ಟರ್. ರೇಬೀಸ್ ಲಸಿಕೆ 12 ವಾರದ ನಂತರ, ಒಂದು ವರ್ಷಕ್ಕೆ ಮತ್ತೆ, ಆಮೇಲೆ ವೈದ್ಯರು ಬರೆದುಕೊಟ್ಟ ದಿನಾಂಕದಂತೆ.

ಆರೋಗ್ಯವಂತ ಹೆಣ್ಣು ಬೆಕ್ಕಿಗೆ ಸಜೀವ ಲಸಿಕೆಯ ಚುಚ್ಚುಮದ್ದು ಸಾಮಾನ್ಯವಾಗಿ ಸರಿಯೇ. ಆದರೆ ಮನೆಯಲ್ಲಿ ದುರ್ಬಲ ಬೆಕ್ಕಿದೆ ಎಂದು ವೈದ್ಯರಿಗೆ ಮೊದಲೇ ತಿಳಿಸಿ. ಮೂಗಿಗೆ ಹನಿ ಹಾಕುವ ಸಜೀವ ಲಸಿಕೆಗಳೂ ಇವೆ. ಅವನ್ನು ಪಡೆದ ಬೆಕ್ಕು ಸೀನುತ್ತಾ ಆ ವೈರಸ್ಸನ್ನು ಕೆಲವು ದಿನ ಹೊರಹಾಕಬಹುದು. ಅಂಥ ಮನೆಗೆ ಅದು ತಕ್ಕುದಲ್ಲ. ಹೆಣ್ಣು ಬೆಕ್ಕು ಗಬ್ಬವಾಗಿದ್ದರೂ ಸಜೀವ ಲಸಿಕೆ ಕೂಡದು. ಪ್ಯಾನ್‌ಲ್ಯುಕೋಪೇನಿಯಾ ವೈರಸ್ ಹೊಟ್ಟೆಯಲ್ಲಿರುವ ಮರಿಗಳ ಕಿರುಮೆದುಳಿಗೆ ಹಾನಿ ಮಾಡುತ್ತದೆ. ಹುಟ್ಟಿದ ಮರಿಗಳು ಜೀವನವಿಡೀ ತೂರಾಡುತ್ತಾ ನಡೆಯಬೇಕಾಗುತ್ತದೆ.

ಎಫ್‌ಐವಿ ವಿರುದ್ಧ ನಮ್ಮಲ್ಲಿ ಬಳಕೆಯಲ್ಲಿರುವ ಲಸಿಕೆ ಇಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಮನೆಯೊಳಗೇ ಇಟ್ಟರೆ ಜಗಳ ಕಡಿಮೆಯಾಗುತ್ತದೆ, ಸೋಂಕು ದಾಟುವ ಸಾಧ್ಯತೆಯೂ ತಗ್ಗುತ್ತದೆ. ಹೊಂದಿಕೊಂಡಿರುವ ಬೆಕ್ಕುಗಳನ್ನು ಎಫ್‌ಐವಿ ಕಾರಣಕ್ಕೆ ಬೇರೆ ಮಾಡಲೇಬೇಕೆಂದಿಲ್ಲ. ಲ್ಯುಕೇಮಿಯಾ ವೈರಸ್ ಇದ್ದರೆ ಮಾತ್ರ ಬೇರೆ ಇಡುವುದೇ ಸರಿ. ಅದಕ್ಕೆ ಲಸಿಕೆ ಇದೆ. ನಿಮ್ಮ ಊರಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ, ಸೋಂಕಿಲ್ಲದ ಬೆಕ್ಕುಗಳಿಗೆ ಹಾಕಿಸಿ. ಆದರೆ ಆ ಲಸಿಕೆ ನೂರಕ್ಕೆ ನೂರು ರಕ್ಷಣೆ ಕೊಡುವುದಿಲ್ಲ, ಆದ್ದರಿಂದ ಪ್ರತ್ಯೇಕತೆ ಮುಂದುವರಿಯಲಿ.

ಬಟ್ಟಲು ಮತ್ತು ನೆಲದ ಶುಚಿತ್ವ

ಬೆಕ್ಕು ಬಾಯಿ ಹಾಕಿದ ನೀರು ಅಶುದ್ಧವಲ್ಲ, ಅದರಿಂದ ವುಝೂ ಮಾಡಬಹುದು ಎಂಬುದು ಹದೀಸ್‌ಗಳಿಂದ ನಮಗೆ ತಿಳಿದಿದೆ. ಬೆಕ್ಕು ನಮ್ಮ ನಡುವೆ ಸುತ್ತಾಡುವ ಜೀವಿ ಎಂದು ಪ್ರವಾದಿ(ಸ)ಯವರು ಅದಕ್ಕೆ ಕಾರಣವನ್ನೂ ಹೇಳಿದ್ದಾರೆ. ಆದರೆ ನಮಗೆ ಶುದ್ಧವಾದ ಆ ನೀರು ಇನ್ನೊಂದು ಬೆಕ್ಕಿಗೆ ಕಾಯಿಲೆ ತರುವುದಿಲ್ಲ ಎಂದು ಇದರರ್ಥವಲ್ಲ. ಬೆಕ್ಕಿನಿಂದ ಬೆಕ್ಕಿಗೆ ಎಂಜಲಿನಲ್ಲಿ ದಾಟುವ ವೈರಸ್‌ಗಳಿವೆ. ಆದ್ದರಿಂದ ದುರ್ಬಲ ಬೆಕ್ಕಿಗೆ ಅದರದೇ ಬಟ್ಟಲಿರಲಿ, ದಿನವೂ ಸೋಪು ಹಾಕಿ ತೊಳೆಯಿರಿ.

ಪ್ಯಾನ್‌ಲ್ಯುಕೋಪೇನಿಯಾ ಬಂದ ಬೆಕ್ಕು ಇದ್ದ ಜಾಗವನ್ನು ಸೋಪಿನಿಂದ ಮಾತ್ರ ತೊಳೆದರೆ ಸಾಲದು. ಮೊದಲು ಸೋಪಿನಿಂದ ಉಜ್ಜಿ, ಆಮೇಲೆ ಒಂದು ಲೀಟರ್ ನೀರಿಗೆ ಸುಮಾರು 30 ಮಿಲಿಯಷ್ಟು ಬಟ್ಟೆ ಒಗೆಯುವ ಬ್ಲೀಚ್ ಸೇರಿಸಿ ಒರೆಸಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಒಣಗುವವರೆಗೆ ಬೆಕ್ಕುಗಳನ್ನು ದೂರವಿಡಿ. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಫಿನಾಯಿಲ್ ಮತ್ತು ನೀರಿಗೆ ಹಾಕಿದಾಗ ಬೆಳ್ಳಗಾಗುವ ಆಂಟಿಸೆಪ್ಟಿಕ್ ದ್ರಾವಣಗಳನ್ನು ಬೆಕ್ಕಿನ ಜಾಗದಲ್ಲಿ ಬಳಸಲೇಬೇಡಿ. ಬೆಕ್ಕು ಪಾದ ನೆಕ್ಕಿದಾಗ ಅವು ಹೊಟ್ಟೆ ಸೇರುತ್ತವೆ. ಅವು ಬೆಕ್ಕಿಗೆ ವಿಷ.

ಬಕ್ರೀದ್ ದಿನಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕುರ್ಬಾನಿಯ ಹಸಿ ಮಾಂಸದ ಚೂರು, ಕರುಳು, ಈಲಿಗಳನ್ನು ಬೆಕ್ಕಿಗೆ ಹಾಕುವುದು ರೂಢಿ. ದುರ್ಬಲ ಬೆಕ್ಕಿಗೆ ಹಸಿ ಮಾಂಸದಿಂದ ಸಾಲ್ಮೊನೆಲ್ಲಾ, ಟಾಕ್ಸೊಪ್ಲಾಸ್ಮಾ ಮುಂತಾದ ಸೋಂಕು ತಗಲಬಹುದು. ಇವುಗಳಿಗೆ ಯಾವ ಲಸಿಕೆಯ ರಕ್ಷಣೆಯೂ ಇಲ್ಲ. ಉಪ್ಪು, ಮಸಾಲೆ, ಈರುಳ್ಳಿ ಹಾಕದೆ ಚೆನ್ನಾಗಿ ಬೇಯಿಸಿ, ಸ್ವಲ್ಪವೇ ಕೊಡಿ.

ಚುಚ್ಚುಮದ್ದಿನ ನಂತರ

ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕಾಯಿರಿ. ಮುಖ ಊದಿಕೊಳ್ಳುವುದು, ಮತ್ತೆ ಮತ್ತೆ ವಾಂತಿ, ಉಸಿರಾಟದ ಕಷ್ಟ ಕಂಡರೆ ತಕ್ಷಣ ವೈದ್ಯರಿಗೆ ತೋರಿಸಿ. ಒಂದೆರಡು ದಿನ ಮಂಕಾಗಿರುವುದು, ಕಡಿಮೆ ತಿನ್ನುವುದು, ಸಣ್ಣ ಜ್ವರ ಸಾಮಾನ್ಯ. ಜ್ವರವೆಂದು ಮಕ್ಕಳ ಪ್ಯಾರಾಸಿಟಮಾಲ್ ಕೊಟ್ಟೀರಿ, ಜೋಕೆ! ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಸೂಜಿ ಹಾಕಿದ ಜಾಗದಲ್ಲಿ ಸಣ್ಣ ಗಂಟು ಬಂದು ಕೆಲವು ವಾರಗಳಲ್ಲಿ ಕರಗುವುದುಂಟು. ಆದರೆ ಗಂಟು ಮೂರು ತಿಂಗಳಾದರೂ ಉಳಿದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ, ಅಥವಾ ಒಂದು ತಿಂಗಳ ನಂತರವೂ ಬೆಳೆಯುತ್ತಿದ್ದರೆ ತೋರಿಸಲೇಬೇಕು. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರಬಹುದು. ಯಾವ ಲಸಿಕೆ, ಯಾವ ಕಾಲಿಗೆ, ಯಾವ ದಿನ ಎಂಬುದನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ. ಲಸಿಕೆಯನ್ನು ಅಂಗಡಿಯಿಂದ ಕೊಂಡು ಕೈಚೀಲದಲ್ಲಿ ಒಯ್ಯಬೇಡಿ. ಅದು ಸದಾ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು.

ಮನೆಯ ಜನರ ವಿಷಯ

ಬೆಕ್ಕಿಗೆ ರೇಬೀಸ್ ಲಸಿಕೆ ಆಗಿದ್ದರೂ, ಅದು ದುರ್ಬಲವಾಗಿದ್ದರೆ ರಕ್ಷಣೆ ಪೂರ್ತಿಯಾಗಿ ಬಂದಿರುತ್ತದೆಂಬ ಭರವಸೆಯಿಲ್ಲ. ಯಾವುದೇ ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಮನೆಯಲ್ಲಿ ಕೀಮೋಥೆರಪಿ ಪಡೆಯುತ್ತಿರುವವರು ಅಥವಾ ಕಿಡ್ನಿ ಕಸಿ ಮಾಡಿಸಿಕೊಂಡವರಿದ್ದು ಅವರಿಗೆ ಗಾಯವಾದರೆ, ಆ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ. ಅವರ ಚಿಕಿತ್ಸೆ ಬೇರೆ ಇರಬಹುದು. ಅಂಥವರು ಮತ್ತು ಗರ್ಭಿಣಿಯರು ಬೆಕ್ಕಿನ ಮಲದ ತಟ್ಟೆ ಮುಟ್ಟದಿರುವುದು ಲೇಸು. ಬೇರೆಯವರು ಅದನ್ನು ದಿನವೂ ತಪ್ಪದೆ ಸ್ವಚ್ಛ ಮಾಡಲಿ.

ವೈದ್ಯರಲ್ಲಿ ಕೇಳಬೇಕಾದ್ದು

ಮುಂದಿನ ಸಲ ಬೆಕ್ಕನ್ನು ಒಯ್ಯುವಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ.

1. ನನ್ನ ಬೆಕ್ಕು ಇವತ್ತು ಲಸಿಕೆ ಪಡೆಯುವಷ್ಟು ಗಟ್ಟಿಯಿದೆಯೇ?
2. ಈ ಲಸಿಕೆ ಸಜೀವವೋ, ನಿಷ್ಕ್ರಿಯವೋ? ನಿಷ್ಕ್ರಿಯ ಲಸಿಕೆ ತರಿಸಿಕೊಡಲು ಸಾಧ್ಯವೇ?
3. ಅದಕ್ಕೆ ಕೊಡುತ್ತಿರುವ ಮಾತ್ರೆಗಳಿಂದ ಲಸಿಕೆಗೆ ತೊಡಕಿದೆಯೇ?
4. ಪ್ಯಾನ್‌ಲ್ಯುಕೋಪೇನಿಯಾ ವಿರುದ್ಧ ಪ್ರತಿಕಾಯ ಇದೆಯೇ ಎಂದು ರಕ್ತ ಪರೀಕ್ಷೆಯಿಂದ ತಿಳಿಯಬಹುದೇ?
5. ಮನೆಯ ಉಳಿದ ಬೆಕ್ಕುಗಳಿಗೆ ಯಾವ ಲಸಿಕೆ, ಯಾವ ದಿನ?

ಐದನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಕಾಯಿಲೆಯ ಬೆಕ್ಕನ್ನು ಮಾತ್ರ ಬುಟ್ಟಿಯಲ್ಲಿ ತಂದು, ತೋರಿಸಿ, ಹೊರಟುಬಿಡುತ್ತಾರೆ. ಉಳಿದವುಗಳ ಲಸಿಕೆ ಕಾರ್ಡುಗಳನ್ನೂ ಜೊತೆಗೆ ಒಯ್ಯಿರಿ. ದುರ್ಬಲ ಬೆಕ್ಕಿನ ಲಸಿಕೆ ಎಷ್ಟು ಹಿಡಿಯುತ್ತದೋ ನಮ್ಮ ಕೈಯಲ್ಲಿಲ್ಲ. ಆರೋಗ್ಯವಾಗಿರುವ ಬೆಕ್ಕುಗಳಿಗೆ ಸಮಯಕ್ಕೆ ಸರಿಯಾಗಿ ಲಸಿಕೆ ಹಾಕಿಸುವುದು ನಮ್ಮ ಕೈಯಲ್ಲೇ ಇದೆ.